ನಾನು ಕೂರಿಸಿದ ಸಮಾಧಿ

ಫೋಟೊದಲ್ಲಿ ಸುಳ್ಳು ಮಾಡಿ ಹೊಟ್ಟೆ ಹೊರೆಯುವವನು ನಾನು. ಪಾವಗಡದಲ್ಲಿ ಸ್ಟುಡಿಯೊ ಇಟ್ಟು ಹದಿನಾರು ವರ್ಷವಾಯಿತು. ಅಂಥವನ ಮಾತು ಯಾಕೆ ನಂಬಬೇಕು ಎಂದು ನೀವು ಕೇಳಬಹುದು. ಆದರೆ ಇದು ನಡೆದದ್ದು... ಕಣ್ಣಾರೆ ಕಂಡೆ, ಕೈಯಾರೆ ಮಾಡಿದೆ.

ಅವತ್ತು ಮಧ್ಯಾಹ್ನ ತಿರುಮಣಿ ಕಡೆಯ ಅಂಜಪ್ಪ ಎಂಬವನು ಬಂದ. ಕೂರು ಅನ್ನುವ ಮೊದಲೇ ಕೂತ. ಮೊಬೈಲಿನಲ್ಲಿ ಒಂದು ಹೊಲದ ಫೋಟೊ ತೋರಿಸಿದ. ಹಿಂದೆ ಸೋಲಾರ್ ಪ್ಲೇಟುಗಳ ಸಾಲು, ಮುಂದೆ ಖಾಲಿ ನೆಲ. ಅವನ ತಮ್ಮ ತೀರಿಕೊಂಡ ಮೇಲೆ ತಮ್ಮನ ಹೆಂಡತಿ ರತ್ನಮ್ಮ ಅಲ್ಲಿ ಉಳುಮೆ ಮಾಡುತ್ತಿದ್ದಳು.

"ಇಲ್ಲೊಂದು ಸಮಾಧಿ ಕೂರ್ಸು," ಅಂದ. "ನನ್ನ ಹೆಂಡ್ತೀದು ಅಂತ ಹೇಳ್ತೀನಿ. ಹೊಲ ಯಾರ್ದು ಅಂತ ತೀರ್ಮಾನ ಮಾಡಕ್ಕೆ ನಾಳೆ ಬೆಳಿಗ್ಗೆ ಹೊರಗಿನ ಊರಿಂದ ಪಂಚರು ಬರ್ತಾರೆ. ಸಮಾಧಿ ಇತ್ತು, ರತ್ನಮ್ಮನೇ ಜೆಸಿಬಿ ತರ್ಸಿ ನೆಲಸಮ ಮಾಡ್ಬುಟ್ಲು ಅಂತ ಫೋಟೊ ತೋರಿಸ್ತೀನಿ."

"ನಿಮ್ಮ ಮನೆಯವರನ್ನ ನಿಜವಾಗಿ ಎಲ್ಲಿ ಮಣ್ಣು ಮಾಡಿದ್ದು?"

"ಅದೆಲ್ಲ ನಿಂಗ್ಯಾಕಪ್ಪಾ? ಊರೋರೇ ನನ್ನೆದುರು ಬಾಯಿ ಬಿಡಲ್ಲ."

ನಮ್ಮ ಕಡೆ ಅವರವರ ಹೊಲದಲ್ಲೇ ಅವರವರನ್ನು ಮಣ್ಣು ಮಾಡುತ್ತಾರೆ. ಸಮಾಧಿ ಯಾರ ಮನೆಯದೋ ಹೊಲ ಅವರದು. ಪತ್ರಕ್ಕಿಂತ ಜನ ಅದನ್ನೇ ನಂಬುತ್ತಾರೆ. ಆ ಹೆಂಗಸಿನ ಹೊಲ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಅಂಜಪ್ಪನ ಕಣ್ಣು ಕಂಡರೆ ಭಯವಾಗುತ್ತಿತ್ತು, ಅಷ್ಟೇ.

ಕೂರಿಸಲು ಸಮಾಧಿಯ ಚಿತ್ರ ಬೇಕಲ್ಲ. ಹುಡುಕಿದೆ. ಬೆಳಕು, ಕೋನ ಎರಡೂ ಹೊಂದುವಂಥದ್ದು ಒಂದೇ ಸಿಕ್ಕಿತು, ಅದೂ ನನ್ನ ಮೊಬೈಲಿನಲ್ಲಿ. ವಳ್ಳೂರಿನ ಕಡೆ ನಮ್ಮ ಹೊಲದಲ್ಲಿರುವ ನಮ್ಮಪ್ಪನ ಸಮಾಧಿ. ಸುಣ್ಣ ಬಳಿಸಿದ ದಿನ ತೆಗೆದದ್ದು.

ಕತ್ತರಿಸಿದೆ. ಅಪ್ಪನ ಹೆಸರಿದ್ದ ಜಾಗ ಅಳಿಸಿ ನುಣ್ಣಗೆ ಮಾಡಿದೆ. ಸುಣ್ಣದ ಮೇಲೆ ಆ ಹೊಲದ ಕೆಂಧೂಳಿನ ಬಣ್ಣ ಹಾಯಿಸಿದೆ. ತಳದಲ್ಲಿ ಹುಲ್ಲು ಅಡ್ಡ ಬಂದರೆ ಮಾತ್ರ ಇಟ್ಟ ವಸ್ತು ನೆಲಕ್ಕೆ ಕೂತಂತೆ ಕಾಣುವುದು. ಸೋಮಾರಿತನದಿಂದ ಒಂದೇ ಹುಲ್ಲಿನ ಗೊಂಚಲನ್ನು ಮೂರು ಕಡೆ ನಕಲು ಮಾಡಿ ಅಂಟಿಸಿದೆ. ಯಾರು ಅಷ್ಟು ಹತ್ತಿರದಿಂದ ನೋಡುತ್ತಾರೆ?

ಪ್ರಿಂಟನ್ನು ಇವತ್ತೇ ಮನೆಗೆ ತಲುಪಿಸು ಎಂದು ಅಂಜಪ್ಪ ಫೋನಿನಲ್ಲಿ ಗದರಿದ. ಏಳೂವರೆ ಹೊತ್ತಿಗೆ ಬೈಕ್ ಹತ್ತಿದೆ. ತಿರುಮಣಿ ದಾಟಿದ ಮೇಲೆ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಎರಡೂ ಕಡೆ ಪ್ಲೇಟುಗಳ ಕಪ್ಪು ಸಾಲು, ಎಲ್ಲೋ ಟ್ರಾನ್ಸ್‌ಫಾರ್ಮರಿನ ಗುಂಯ್ ಶಬ್ದ... ಇದ್ದಕ್ಕಿದ್ದಂತೆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ತಿರುವಿನಲ್ಲಿ ಹೆಡ್‌ಲೈಟ್ ಒಂದು ಹೊಲದ ಮೇಲೆ ಬಿತ್ತು. ಗುರುತು ಸಿಕ್ಕಿತು. ಮಧ್ಯಾಹ್ನವೆಲ್ಲ ಪರದೆಯ ಮೇಲೆ ನೋಡಿದ ಹೊಲ.

ಖಾಲಿ ಇರಲಿಲ್ಲ.

ಇಳಿದು ಹತ್ತಿರ ಹೋದೆ. ನಾನು ಎಲ್ಲಿ ಕೂರಿಸಿದ್ದೆನೋ ಅಲ್ಲೇ ನಿಂತಿತ್ತು. ಮುಟ್ಟಿದೆ... ಬೆರಳಿಗೆ ಸುಣ್ಣ ಹತ್ತಿತು. ಬಗ್ಗಿ ತಳ ನೋಡಿದೆ. ಹುಲ್ಲಿನ ಮೂರು ಗೊಂಚಲು, ಮೂರರಲ್ಲೂ ಅದೇ ಎಸಳು ಅದೇ ಕಡೆ ಮುರಿದಿತ್ತು.

"ಯಾರ್ಲಾ ಅದು?"

ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. ಕೈಯಲ್ಲಿ ಹಾರೆ ಹಿಡಿದ ಹೆಂಗಸು. ರತ್ನಮ್ಮ ಇವಳೇ ಎಂದು ಯಾರೂ ಹೇಳಬೇಕಿರಲಿಲ್ಲ.

"ದಾರಿಹೋಕ ಅಕ್ಕಾ," ಅಂದೆ.

"ಸಂಜೆ ಎಮ್ಮೆ ಹೊಡ್ಕೊಂಡು ಹೋದಾಗ ಇದು ಇರ್ಲಿಲ್ಲ ಕಣಣ್ಣ," ಅಂದಳು. ಎತ್ತಿದ ಹಾರೆ ಇನ್ನೂ ಕೆಳಗಿಳಿದಿರಲಿಲ್ಲ. "ನಮ್ ಭಾವ ಅವ್ರ ಹೆಂಡ್ತಿ ಸಮಾಧಿ ಇಲ್ಲಿತ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ರೆ. ನಾಳೆ ಪಂಚರು ಬಂದು ಇದ್ನ ನೋಡಿದ್ರೆ ನಾನೂ ನನ್ ಮಗಳೂ ಬೀದಿ ಪಾಲು."

ಟಾರ್ಚನ್ನು ಸಮಾಧಿಯ ಮೇಲೆ ಆಡಿಸಿದಳು. "ಹೆಸ್ರೂ ಇಲ್ಲ ನೋಡು. ಯಾರ್ದು ಅಂತ ನಿಂಗೇನಾದ್ರೂ ಗೊತ್ತಾ?"

ಫೋಟೊ ನನ್ನ ಅಂಗಿಯ ಒಳಗಿತ್ತು. ಹೇಳಿಬಿಡಬೇಕಿತ್ತು... ನಾಚಿಕೆ, ಹೆದರಿಕೆ, ಎರಡೂ ತಡೆದವು.

"ನಂಗೊತ್ತಿಲ್ಲ," ಅಂದೆ.

"ಹಂಗಾದ್ರೆ ಒಡೆದ್ರೆ ಪಾಪ ಇಲ್ಲ," ಎಂದು ಹಾರೆ ನನ್ನ ಕೈಗೆ ಕೊಟ್ಟಳು. "ನನ್ ಕೈಲಿ ಆಗ್ತಿಲ್ಲ. ನಿನ್ ಕಾಲಿಗೆ ಬೀಳ್ತೀನಿ, ನಾಕೇಟು ಹಾಕಣ್ಣ."

ಹಾಕಿದೆ. ಮೊದಲ ಏಟಿಗೆ ಗಾರೆ ಉದುರಿತು. ಎರಡನೆಯದಕ್ಕೆ ಇಟ್ಟಿಗೆ ಸಡಿಲವಾಯಿತು. ಮೂರನೆಯದಕ್ಕೆ ಒಳಗಿನಿಂದ... ಯಾರೋ ಗಂಟಲು ಸರಿಮಾಡಿಕೊಂಡರು.

ನಮ್ಮಪ್ಪ ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದರು. ಬೆಲ್ಟು ಬಿಚ್ಚುವ ಮೊದಲು, ಒಂದೇ ಸಲ.

"ಕೇಳಿಸ್ತಾ?" ಅಂದೆ.

ರತ್ನಮ್ಮ ನನ್ನ ಮುಖವನ್ನೇ ದಿಟ್ಟಿಸಿದಳು. "ಕೇಳಿಸ್ತು," ಅಂದಳು ಪಿಸುದನಿಯಲ್ಲಿ. "ಹೊಡಿ."

ಅಳುತ್ತಲೇ ಹೊಡೆದೆ. ಇಟ್ಟಿಗೆಗಳನ್ನು ಇಬ್ಬರೂ ಹೊತ್ತು ಹಳ್ಳಕ್ಕೆ ಸುರಿದೆವು. ಅವಳು ನನ್ನ ಹೆಸರು ಕೇಳಲಿಲ್ಲ. ಅಂಜಪ್ಪನ ಮನೆಗೆ ನಾನು ಹೋಗಲೇ ಇಲ್ಲ. ಫೋಟೊ ಹರಿದು ಇಟ್ಟಿಗೆಯ ಮೇಲೆಯೇ ಎಸೆದೆ.

ಬೆಳಿಗ್ಗೆ ಪಂಚರು ಬಂದರಂತೆ. ಬರೀ ನೆಲ ನೋಡಿ, ಹೊಲ ರತ್ನಮ್ಮನದೇ ಎಂದರಂತೆ. ಅಂಜಪ್ಪ ನೇರ ಸ್ಟುಡಿಯೊಗೆ ಬಂದು ನನ್ನ ಕತ್ತಿನಪಟ್ಟಿ ಹಿಡಿದು ಕಂಪ್ಯೂಟರ್ ಒಡೆದು ಹೋದ. ನನಗೆ ಏನೂ ಅನ್ನಿಸಲಿಲ್ಲ. ಅಷ್ಟು ಹೊತ್ತಿಗೆ ನಾನು ನಮ್ಮ ಹೊಲಕ್ಕೆ ಹೋಗಿ ಬಂದಿದ್ದೆ.

ಅಲ್ಲಿ ಸಮಾಧಿ ಇರಲಿಲ್ಲ. ಅಗೆದ ಗುರುತಿಲ್ಲ, ಒಂದು ಚೂರು ಇಟ್ಟಿಗೆಯಿಲ್ಲ. ಎಂದೂ ಯಾರನ್ನೂ ಮಣ್ಣು ಮಾಡದಂಥ ಗಟ್ಟಿ ನೆಲ.

ಅಪ್ಪ ಇನ್ನೂ ಅಲ್ಲೇ ಕೆಳಗಿದ್ದಾರೋ, ಆ ಹೆಂಗಸಿನ ಹೊಲದಲ್ಲಿದ್ದಾರೋ... ಅಗೆದು ನೋಡುವ ಧೈರ್ಯ ನನಗಿಲ್ಲ.

ಅಮ್ಮನಿಗೆ ಮಂಡಿನೋವು, ಹೊಲದ ಕಡೆ ಹೋಗುವುದಿಲ್ಲ. ಮೊನ್ನೆ ಜ್ವರದಲ್ಲಿ ನನ್ನ ಕೈ ಹಿಡಿದು, "ನಂದು ಮುಗೀತಾ ಬಂತು ಕಣಪ್ಪ. ನನ್ನೂ ನಿಮ್ಮಪ್ಪನ ಪಕ್ಕದಾಗೇ ಮಲಗ್ಸು," ಅಂದಳು.

ನಾನು ಹೂಂ ಅಂದಿದ್ದೇನೆ.