ರೂಪಾಯಿಗೆ ಎಂಟಾಣೆ

ಸಂಬಂಧ ಹೇಳದೆ ನಮ್ಮ ಅಪ್ಪ ಒಂದು ಸೀರೆಯನ್ನೂ ಮಾರಿದವರಲ್ಲ. ಪುಣೆಯ ಸದಾಶಿವ ಪೇಠೆಯಲ್ಲಿ ನಮ್ಮದು ಇಳಕಲ್ ಸೀರೆಯ ಅಂಗಡಿ. ಗಿರಾಕಿ ಸೆರಗು ಮುಟ್ಟಿ ನೋಡುವಷ್ಟರಲ್ಲಿ ಅಪ್ಪ ಶುರು ಮಾಡುವರು: “ಮದಲ ಹೇಳಿಬಿಡ್ತೀನ್ರಿ, ಇದನ್ನ ನೇಯ್ಸಿದಾವ ನನ್ನ ಷಡ್ಡಕ. ನಾ ಹೊಗಳಿದ್ರ ರೂಪಾಯಿಗೆ ಎಂಟಾಣೆ ಹಿಡೀರಿ.” ಮರಾಠಿ ಹೆಂಗಸರಿಗೆ ಇದನ್ನೇ ಮರಾಠಿಯಲ್ಲಿ ಹೇಳುವರು. ಅವರು ನಕ್ಕು, ಒಂದರ ಬದಲು ಎರಡು ಸೀರೆ ಒಯ್ಯುವರು. ಅವ್ವ ಮಾತ್ರ ಹಣೆ ಬಡಿದುಕೊಳ್ಳುವಳು: “ಹಿಂಗ ವ್ಯಾಪಾರ ಮಾಡಾವ್ರನ್ನ ನಾ ಎಲ್ಲೂ ನೋಡಿಲ್ಲವ್ವ!”

ಅಪ್ಪನ ತಲೆಗೆ ಕೆಂಪು ರುಮಾಲು, ಕಿವಿಯಲ್ಲಿ ಒಂಟಿ, ಕಂಚಿನ ಕಂಠ. ಪಿಸುಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಗುಡಿಯಲ್ಲಿ ದೇವರಿಗೆ ಬೇಡಿಕೊಂಡದ್ದು ಹೊರಗೆ ಹೂ ಮಾರುವವಳಿಗೂ ಕೇಳಿಸುತ್ತಿತ್ತು.

ಅವು ಸ್ವದೇಶಿಯ ಹುರುಪಿನ ದಿನಗಳು. ನಮ್ಮ ಕಡೆಯವರೇ ಆದ ವಾಮನರಾಯರು ಸಾಬೂನಿನ ಕಂಪನಿ ತೆಗೆದು ಮಂದಿಗೆ ಶೇರು ಮಾರಿದರು. ಅವರ ಮಗನಿಗೂ ನನಗೂ ಮದುವೆ ನಿಶ್ಚಯವಾಗಿತ್ತು. ಅಪ್ಪ ತಾವೂ ಶೇರು ಕೊಂಡರು, ಅಂಗಡಿಗೆ ಬಂದವರಿಗೂ ಕೊಳ್ಳಲು ಹೇಳಿದರು. “ನಮ್ಮ ಬೀಗರಾಗಾವ್ರ ಕಂಪನಿರಿ” ಎಂಬುದನ್ನು ಸೇರಿಸಿಯೇ ಹೇಳಿದರೆನ್ನಿ. ಕಾರಕೂನರು, ಮಾಸ್ತರರು ಕೊಂಡರು. ನಮ್ಮ ವಾಡೆಯಲ್ಲೇ ಬಾಡಿಗೆಗಿದ್ದ ಗಂಗಾಬಾಯಿ ಕೈಯ ಬಂಗಾರದ ಪಾಟ್ಲಿ ಮಾರಿ ಕೊಂಡಳು. ಸಾಬೂನು ಚೆನ್ನಾಗಿಯೇ ಖರ್ಚಾಗುತ್ತಿತ್ತು. ಲಾಭ ಮಾತ್ರ ಅದರ ನೊರೆಯಂತೆ ಕಂಡು ಇಲ್ಲವಾಗುತ್ತಿತ್ತು.

ಶೇರುದಾರರ ಸಭೆಯಲ್ಲಿ ಮಾಸ್ತರರೊಬ್ಬರು ಎದ್ದರು. ಪೇಠೆಯ ದರಕ್ಕಿಂತ ಅಷ್ಟು ತುಟ್ಟಿಗೆ ಹಣಮಂತರಾಯ ಎಂಬ ಒಬ್ಬನಿಂದಲೇ ಸಾಬೂನಿನ ಎಣ್ಣೆ ಏಕೆ ಕೊಳ್ಳುತ್ತೀರಿ, ಅವನು ನಿಮಗೆ ಏನಾಗಬೇಕು ಎಂದು ಕೇಳಿದರು.

“ಏನೂ ಆಗಬೇಕಿಲ್ರಿ. ವ್ಯಾಪಾರಸ್ಥ, ಅಷ್ಟ,” ಎಂದರು ವಾಮನರಾಯರು. ಆ ಹೆಸರಿನವನನ್ನು ಅಪ್ಪ ಕಂಡಿರಲೇ ಇಲ್ಲ; ನಂಬಿದರು.

ಕೆಲವು ದಿನಗಳಲ್ಲೇ ವಾಮನರಾಯರ ಮಗಳ ಮದುವೆ ಬಂತು. ನಮ್ಮಲ್ಲಿ ವಧುವನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅವನು ತಂದ ಉಡುಗೊರೆಯನ್ನು, ಅಂದರೆ ಆಹೇರಿಯನ್ನು, ಸಂಬಂಧದ ಸಮೇತ ಕೂಗಿ ಹೇಳಿದರೇನೇ ಅವನಿಗೆ ಮರ್ಯಾದೆ. ಭಟ್ಟರು ಗಂಟಲು ಸರಿಮಾಡಿಕೊಂಡು ಕೂಗಿದರು: “ಹುಡಿಗಿ ಸ್ವಾದರಮಾವ, ಎಣ್ಣಿ ವ್ಯಾಪಾರಸ್ಥ ಹಣಮಂತರಾಯರ ಆಹೇರಿ! ಪೀತಾಂಬರ, ಬಂಗಾರದ ಪಾಟ್ಲಿ!”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಸಭೆಯಲ್ಲಿ ಮುಚ್ಚಿದ್ದನ್ನು ವಾಮನರಾಯರು ಚಪ್ಪರದಲ್ಲಿ ತಾವೇ ಕೂಗಿಸಿದ್ದರು, ಅದೂ ಶೇರುದಾರರೆಲ್ಲ ಅಕ್ಷತೆ ಹಿಡಿದು ಕೂತಲ್ಲಿ! ಅಪ್ಪ ಊಟಕ್ಕೆ ಕೂಡದೆ ನಮ್ಮನ್ನು ಕರೆದುಕೊಂಡು ಹೊರಟುಬಿಟ್ಟರು.

ಮನೆಗೆ ಬಂದವರು ನನ್ನನ್ನು ಎದುರಿಗೆ ಕೂಡಿಸಿಕೊಂಡರು. “ಶೇರು ಕೊಂಡಾವ್ರೆಲ್ಲಾ ಕೂಡಿ ಕೋರ್ಟಿಗೆ ಹೋಗಬೇಕಂತೀವಿ. ನಾ ಸಾಕ್ಷಿ ಹೇಳಿದ್ರ ನಿನ್ನ ಲಗ್ನ ಮುರೀತದ. ಮದಲ ನಿನ್ನ ಕೇಳಬೇಕಲ್ಲ, ನನ್ನವ್ವ.”

ಆ ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ಸುಳ್ಳೇಕೆ ಹೇಳಲಿ? ಆದರೆ ವಾಡೆಯ ನಲ್ಲಿಯ ಹತ್ತಿರ ದಿನವೂ ಗಂಗಾಬಾಯಿಯ ಬೋಳುಗೈ ನೋಡುತ್ತಿದ್ದವಳೂ ನಾನೇ. ಅಪ್ಪನ ಮಾತು ನಂಬಿ ಬೋಳಾದ ಕೈ ಅದು.

“ಹೇಳ್ರಿ ಅಪ್ಪಾ,” ಎಂದೆ.

ಕೋರ್ಟಿಗೆ ನಾನೂ ಅವ್ವನೂ ಹೋಗಿದ್ದೆವು. ಅಲ್ಲಿ ನಡೆದದ್ದೆಲ್ಲ ಮರಾಠಿಯಲ್ಲಿ; ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಕಟಕಟೆ ಹತ್ತಿದ ಅಪ್ಪ ಯಾರೂ ಕೇಳುವ ಮೊದಲೇ ಶುರು ಮಾಡಿದರು: “ಮದಲ ಹೇಳಿಬಿಡ್ತೀನ್ರಿ ಸಾಹೇಬ್ರ, ವಾಮನರಾಯರು ನಮ್ಮ ಬೀಗರಾಗಾವ್ರಿದ್ರು. ನನ್ನ ಮಾತು ರೂಪಾಯಿಗೆ ಎಂಟಾಣೆ ಹಿಡೀರಿ.” ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರೂ ನಕ್ಕರು.

“ಹಣಮಂತರಾಯರು ಸ್ವಾದರಮಾವ ಅಂತ ನಿಮಗ ಹೆಂಗ ಗೊತ್ತು?” ಎಂದು ಎದುರು ವಕೀಲರು ಗದರಿದರು.

“ಭಟ್ಟ್ರು ಒದರಿದ್ದು ಕೇಳೀನ್ರಿ. ಅದು ಸುಳ್ಳಂದ್ರ ರಾಯರು ಇಲ್ಲೇ ಎಲ್ಲಾರ ಮುಂದ ಅಂದುಬಿಡ್ಲಿ, ‘ಅಂವ ನನ್ನ ಹೆಂಡ್ತಿ ಅಣ್ಣ ಅಲ್ಲ’ ಅಂತ.”

ವಾಮನರಾಯರ ಮುಖ ಬಿಳಿಚಿತು. ಕಂಪನಿಯ ಕಾಗದದಲ್ಲಿ ಬಿಟ್ಟಷ್ಟು ಸುಲಭವಾಗಿ ಹೆಂಡತಿಯ ಅಣ್ಣನನ್ನು ನಾಲ್ಕು ಜನರೆದುರು ಬಿಡಲಾದೀತೆ? ಬಿಟ್ಟು ಮನೆಗೆ ಹೋದರೆ ಊಟ ಹಾಕುವವರು ಯಾರು? ನ್ಯಾಯಾಧೀಶರು ಕೇಳಿದಾಗ ತಲೆ ತಗ್ಗಿಸಿ, “ಹೌದ್ರಿ, ಅಂವ ಆಕಿ ಅಣ್ಣ,” ಎಂದರು.

ಎಣ್ಣೆಗೆ ಹೆಚ್ಚಿಗೆ ಕೊಟ್ಟದ್ದನ್ನೆಲ್ಲ ವಾಮನರಾಯರು ಕಂಪನಿಗೆ ತಿರುಗಿ ತುಂಬಬೇಕೆಂದು ತೀರ್ಪಾಯಿತು. ನನ್ನ ನಿಶ್ಚಯವೂ ಮುರಿಯಿತು. ಗಂಗಾಬಾಯಿ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅಳಲಿಲ್ಲ. ಪೇಠೆಯ ಓಣಿಯಲ್ಲಿ ಅಂಗಡಿಕಾರರು ಎದ್ದು ನಿಂತು ಅಪ್ಪನಿಗೆ ನಮಸ್ಕರಿಸುತ್ತಿದ್ದರೆ, ಆ ಕೆಂಪು ರುಮಾಲಿನ ಹಿಂದೆ ನಡೆಯುವುದೇ ನನಗೆ ಮೆರವಣಿಗೆಯಾಗಿತ್ತು.

ಮುಂದೆ ಬೇರೆ ಕಡೆ ನನ್ನ ಮದುವೆಯಾಯಿತು. ಬಹಳ ವರ್ಷಗಳ ಮೇಲೆ ಅಪ್ಪ ಹಾಸಿಗೆ ಹಿಡಿದಾಗ ಓಡಿ ಬಂದೆ. ನೋಡಲು ಬಂದ ಹೊಸ ಡಾಕ್ಟರರಿಗೆ, “ಇವತ್ತು ಭಾಳ ಆರಾಮ ಕಾಣ್ತಾರ್ರಿ,” ಎಂದೆ. ಅಪ್ಪ ಕಣ್ಣು ತೆರೆದರು. ಆ ಕಂಚಿನ ಕಂಠದಲ್ಲಿ ಮೊದಲ ಸಲ ಪಿಸುಮಾತು ಕೇಳಿದೆ:

“ಡಾಕ್ಟ್ರ, ಈಕಿ ನನ್ನ ಮಗಳು. ರೂಪಾಯಿಗೆ ಎಂಟಾಣೆ ಹಿಡೀರಿ.”

ನಗುವೂ ಅಳುವೂ ಒಟ್ಟಿಗೇ ಬಂದವು. ಮರುದಿನ ಅವರು ಇರಲಿಲ್ಲ.

ಈಗ ನಾನೂ ಹೇಳಿಬಿಡಬೇಕು. ಇಷ್ಟೆಲ್ಲ ಹೊಗಳಿದವಳು ಅವರ ಮಗಳು. ನೀವು ಬೇಕಾದರೆ ಎಂಟಾಣೆ ಹಿಡಿಯಿರಿ. ನಾನಂತೂ ಒಂದು ಕಾಸೂ ಬಿಡುವವಳಲ್ಲ.