ಬೆರಳು ಅಗಲಿಸುವ ಬಡಿತ

ಆಯಿಯ ಬಲಗೈಯ ನಡುವಿನ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಔಡಲೆಣ್ಣೆ ಹಚ್ಚಿ ಜನರ ಹೊಟ್ಟೆ ತಿಕ್ಕಿ ತಿಕ್ಕಿ ಅವು ಗೋಲಿಗುಂಡಿನಷ್ಟು ನುಣ್ಣಗಾಗಿದ್ದವು. ಆಧಾರ್ ಕಾರ್ಡ್ ಮಾಡಿಸಲು ಹೋದಾಗ ಎಷ್ಟು ಒತ್ತಿದರೂ ಯಂತ್ರ ಆ ಬೆರಳುಗಳನ್ನು ಒಪ್ಪಲಿಲ್ಲ. ಯಂತ್ರದ ಮುಂದೆ ಕುಳಿತವನು ಬೇಸತ್ತು, "ಬೆರಳಿನ ಗೆರಿ ಎಲ್ಲಿ ಬಿಟ್ಟ ಬಂದೀರಿ ಅಮ್ಮಾ?" ಎಂದ. "ಯರಗಟ್ಟಿ ಹಮಾಲರ ಹೊಟ್ಟಿ ಮ್ಯಾಲ ಅದಾವು, ಹೋಗಿ ತಗೊಂಡ ಬಾ" ಎಂದಳು ಆಯಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಜೊತೆಗೆ ಹೋಗಿದ್ದ ನಾನೂ ನಕ್ಕೆ.

ಆಯಿ ಎಂದರೆ ನಮ್ಮ ಕಡೆ ಅಜ್ಜಿ, ಆದರೆ ಆಕೆ ನನಗೆ ರಕ್ತಸಂಬಂಧಿಯಲ್ಲ. ಯರಗಟ್ಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಆ ಮನೆಯ ಪಡಸಾಲೆಯಲ್ಲಿ ಆಯಿ ಬಟ್ಟಿ ತಿಕ್ಕುತ್ತಿದ್ದಳು. ಭಾರ ಎತ್ತಿದರೆ ಹೊಕ್ಕುಳಿನ ನಡುವಿನ ಬಡಿತ ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆನೋವು, ಭೇದಿ, ಸುಸ್ತು ಶುರುವಾಗುತ್ತವೆ ಎಂದು ನಮ್ಮ ಕಡೆ ನಂಬುತ್ತಾರೆ. ಬಟ್ಟಿ ಸರಿಯುವುದು ಎಂದರೆ ಅದೇ. ಅಡತಿ ಅಂಗಡಿಗಳಲ್ಲಿ ದಿನವಿಡೀ ಕಾಳಿನ ಚೀಲ ಹೊರುವವರ ಊರಿನಲ್ಲಿ ಸರಿದ ಬಟ್ಟಿಗೇನು ಬರ? ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರನ್ನು ಚಾಪೆಯ ಮೇಲೆ ಮಲಗಿಸಿ, ಮೂರು ಬೆರಳು ಇಟ್ಟು, ಕಣ್ಣು ಮುಚ್ಚಿ ಬಡಿತ ಹುಡುಕುತ್ತಿದ್ದಳು. ಸಿಕ್ಕ ಮೇಲೆ ಎಣ್ಣೆ ಹಚ್ಚಿ ಸುತ್ತಲಿಂದ ನಡುವಿಗೆ ತಿಕ್ಕಿ ತರುತ್ತಿದ್ದಳು.

ಬಾಯಿ ಮಾತ್ರ ಕೈಯಷ್ಟು ಮೆತ್ತಗಿರಲಿಲ್ಲ. "ನಿನ್ನಿ ಸಂಜಿಕ ಕುಡದೀ" ಎನ್ನುತ್ತಿದ್ದಳು ಮಲಗಿದವನಿಗೆ. ಅವನು ಇಲ್ಲ ಎಂದು ಆಣೆ ಮಾಡಿದರೆ, "ನಿನ್ನ ಬಾಯಿ ಹೇಳೂದ ಬ್ಯಾರೆ, ಹೊಟ್ಟಿ ಹೇಳೂದ ಬ್ಯಾರೆ. ನಾ ಹೊಟ್ಟಿ ಮಾತ ಕೇಳಾಕಿ" ಎಂದು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು.

ನಾನು ಓದಿದ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಆ ಬಡಿತ ಹೃದಯದಿಂದ ಹೊಟ್ಟೆಯೊಳಗೆ ಇಳಿದು ಬರುವ ದೊಡ್ಡ ರಕ್ತನಾಳದ್ದು, ಮಹಾಧಮನಿಯದು. ಚೀಲ ಎತ್ತಿದ ಮಾತ್ರಕ್ಕೆ ಅದು ಎಲ್ಲಿಗೂ ಸರಿಯುವುದಿಲ್ಲ. ಕಾಲೇಜಿನಿಂದ ರಜೆಗೆ ಬಂದಾಗ ಇದನ್ನು ಆಯಿಗೆ ದೊಡ್ಡ ಪಂಡಿತಳ ಹಾಗೆ ವಿವರಿಸಿದ್ದೆ. "ಸರಿಯಂಗಿಲ್ಲೇನು? ಹಂಗಾರ ಅವರಿಗೆ ಆರಾಮ ಯಾಕ ಆಗತೈತಿ, ನೀನ ಹೇಳು" ಎಂದಳು.

ಆದರೆ ಒಂದು ವಿಷಯದಲ್ಲಿ ಆಕೆ ನನ್ನ ಎಲ್ಲ ಪ್ರೊಫೆಸರುಗಳಿಗಿಂತ ಮುಂದಿದ್ದಳು. ನನಗೆ ಹತ್ತು ವರ್ಷವಿದ್ದಾಗ ಬೈಲಹೊಂಗಲದಿಂದ ನಿವೃತ್ತ ಮಾಸ್ತರರೊಬ್ಬರು ಬಂದರು. ಆಯಿ ಬೆರಳಿಟ್ಟವಳು, ಕಾದ ಹಂಚು ಮುಟ್ಟಿದಂತೆ ಕೈ ತೆಗೆದಳು. "ನಾ ತಿಕ್ಕಂಗಿಲ್ರಿ ಸರ. ಇದು ಬಟ್ಟಿ ಅಲ್ಲ. ಇವತ್ತ ಬೆಳಗಾವಿಗೆ ಹೋಗ್ರಿ, ದೊಡ್ಡ ದವಾಖಾನಿಗೆ" ಎಂದಳು. ಮಾಸ್ತರರು ಸಿಟ್ಟಾಗಿ ಅಂಗಿ ಗುಂಡಿ ಹಾಕಿಕೊಂಡು ಹೋದರು. ಬೆಳಗಾವಿಯ ಬಸ್ಸು ಹತ್ತಿದರೋ ಬೈಲಹೊಂಗಲದ ಬಸ್ಸೋ, ನಮಗೆ ತಿಳಿಯಲಿಲ್ಲ.

ಅವತ್ತಿಡೀ ಆಯಿ ಊಟ ಮಾಡಲಿಲ್ಲ. ನಾನು ಕಾಡಿ ಕೇಳಿದ್ದಕ್ಕೆ ಹೇಳಿದಳು. ಆಕೆಗೆ ಇನ್ನೂ ಕೂದಲು ಕಪ್ಪಿದ್ದ ಕಾಲದಲ್ಲಿ ಸುರೇಬಾನದ ಹಿರಿಯರೊಬ್ಬರು ಹೊಟ್ಟೆನೋವೆಂದು ಬಂದಿದ್ದರಂತೆ. ಬಡಿತ ಅಗಲವಾಗಿತ್ತು. ಹಟಮಾರಿ ಬಟ್ಟಿ ಎಂದುಕೊಂಡು ಮೂರು ಮುಂಜಾನೆ ಬಲ ಹಾಕಿ ತಿಕ್ಕಿದಳು. ನಾಲ್ಕನೆಯ ದಿನ ಅವರು ಅಂಗಳದಲ್ಲಿ ಕುಸಿದು ಸತ್ತರು, ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಯಾರೂ ಆಯಿಯನ್ನು ದೂರಲಿಲ್ಲ. ಅವರ ಹೆಂಡತಿ ಮುಂದಿನ ವರ್ಷ ತನ್ನ ಬಟ್ಟಿ ತಿಕ್ಕಿಸಿಕೊಳ್ಳಲು ಇವಳ ಹತ್ತಿರವೇ ಬಂದಳು.

"ಬಟ್ಟಿ ಬೆರಳ ಎತ್ತತೈತಿ, ಮಗಳ. ಆ ಬ್ಯಾನಿ ಬೆರಳ ಅಗಲಸತೈತಿ. ಇಷ್ಟ ಫರಕ. ಇದನ್ನ ತಿಳಕೊಳ್ಳಾಕ ನನಗ ಒಂದ ಜೀವ ಬೇಕಾತು."

ಹದಿನೈದು ವರ್ಷಗಳ ನಂತರ, ಬೆಳಗಾವಿಯಲ್ಲಿ ರಕ್ತನಾಳದ ಶಸ್ತ್ರವೈದ್ಯರೊಬ್ಬರು ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಪ್ರಯೋಗಾಲಯದ ಹೊಸಬರಿಗೆ ಪಾಠ ಹೇಳುತ್ತ, ಉಬ್ಬಿದ ಮಹಾಧಮನಿ ತನ್ನ ಮೇಲೆ ಇಟ್ಟ ಬೆರಳುಗಳನ್ನು ಎತ್ತುವುದಷ್ಟೇ ಅಲ್ಲ, ಎರಡೂ ಕಡೆಗೆ ದೂಡುತ್ತದೆ ಎಂದರು. ಆಯಿ ಹೇಳಿದ್ದೂ ಅದನ್ನೇ. ನಾನು ಈ ಕೆಲಸಕ್ಕೆ ಯಾಕೆ ಬಂದೆ ಎಂದು ನನಗೇ ಸರಿಯಾಗಿ ಗೊತ್ತಾಗಿದ್ದು ಅವತ್ತು.

ನಮ್ಮಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ಸ್ಟೆಂಟ್ ಗ್ರಾಫ್ಟುಗಳ ಪರೀಕ್ಷೆ. ತಂತಿಯ ಬಲೆಗೆ ನೇಯ್ದ ಬಟ್ಟೆ ಹೊದಿಸಿದ ಕೊಳವೆ ಅದು. ಮಡಚಿ, ತೊಡೆಯ ಸಂದಿನ ನಾಳದಿಂದ ಒಳಗೆ ಕಳಿಸಿ, ಉಬ್ಬಿದ ಜಾಗದಲ್ಲಿ ಬಿಚ್ಚುತ್ತಾರೆ. ರಕ್ತ ಕೊಳವೆಯೊಳಗೆ ಹರಿಯುತ್ತದೆ, ಸೋತ ಗೋಡೆಯ ಮೇಲೆ ಒತ್ತಡ ಬೀಳುವುದಿಲ್ಲ. ಇನ್ನೊಂದು, ಜೀವಕೋಶಗಳಿಂದ ಹೊಸ ರಕ್ತನಾಳವನ್ನೇ ಬೆಳೆಸುವ ಪ್ರಯತ್ನ. ಅದು ಇನ್ನೂ ಗಾಜಿನ ಪೆಟ್ಟಿಗೆ ದಾಟಿ ಹೊರಗೆ ಬಂದಿಲ್ಲ.

ಒಮ್ಮೆ ಊರಿಗೆ ಹೋಗುವಾಗ ಪರೀಕ್ಷೆಯಲ್ಲಿ ಸೋತ ಒಂದು ಗ್ರಾಫ್ಟನ್ನು ಆಯಿಗೆ ತೋರಿಸಲು ಒಯ್ದೆ. ಆಕೆ ಅದರೊಳಗೆ ಬೆರಳು ತೂರಿಸಿ, ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಇದಕ್ಕ ಜೀವ ಇಲ್ಲ. ಮೈ ಇದನ್ನ ತನ್ನದ ಅಂತ ಹೆಂಗ ಒಪ್ಪಬೇಕು?"

"ಪೂರಾ ಒಪ್ಪಂಗಿಲ್ಲ ಆಯಿ. ಅದಕ್ಕ ಜೀವ ಇರೂ ನಾಳ ಬೆಳಸಾಕ ಹತ್ತೇವಿ. ಪೆಟಿಗ್ಯಾಗ ಇಟ್ಟು, ನೀರ ಬಡಿತ ಕೊಟ್ಟಕೋತ ಇರತೇವಿ. ಬಡಿತ ಇಲ್ಲಂದ್ರ ಅದು ಗಟ್ಟಿ ಆಗಂಗಿಲ್ಲ."

"ಅದಕ್ಕೂ ಬಡಿತ ಕಲಸಬೇಕ ಅನ್ನು" ಎಂದು ಆಯಿ ಖುಷಿಯಾದಳು. ಆಮೇಲೆ ಕೇಳಿದಳು, "ಎಷ್ಟ ದಿನಕ್ಕ ತಯಾರ ಆಗತೈತಿ?"

"ಮನಷಾರಿಗೆ ಹಾಕೂ ಹಂಗ ಆಗಾಕ ಭಾಳ ವರ್ಷ ಬೇಕು."

"ಮತ್ತ ಈ ಅರಿವಿ ಕೊಳವಿದು?"

"ಇದು ಈಗೂ ಸಿಗತೈತಿ."

ಊಟಕ್ಕೆ ಕುಳಿತಾಗ ಮತ್ತೊಮ್ಮೆ ಅದನ್ನೇ ಕೇಳಿದಳು. ನಾನು ಬಸ್ಸು ಹತ್ತುವಾಗ ಮೂರನೆಯ ಸಲ. ಅಜ್ಜಿಗೆ ನನ್ನ ಸಂಶೋಧನೆಯ ಮೇಲೆ ಎಷ್ಟು ಆಸಕ್ತಿ ಎಂದು ಉಬ್ಬಿಹೋದೆ. ಆಕೆ ನೀರಿನ ಕೊಡ ಎತ್ತುವುದನ್ನು ಬಿಟ್ಟಿದ್ದಳು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿರಲಿಲ್ಲ. ಕಣ್ಣಿದ್ದೂ ಕಾಣದ ಪಂಡಿತಳು ನಾನು.

ಮುಂದಿನ ಸಲ ಹೋದಾಗ ಆಯಿ ಬಾಗಿಲು ಮುಚ್ಚಿ, ಬಂದವರನ್ನು ಮಲಗಿಸುವ ಅದೇ ಚಾಪೆಯ ಮೇಲೆ ತಾನೇ ಮಲಗಿದಳು. "ಬಾ, ಕೈ ಇಡು. ನಾ ಕಲಿಸಿದ್ದ ಎಷ್ಟ ನೆನಪೈತಿ ನೋಡತೇನಿ" ಎಂದಳು.

ಬೆರಳು ಇಟ್ಟೆ. ಅವು ಒಂದರಿಂದೊಂದು ದೂರ ಸರಿದವು. ಮತ್ತೆ ಕೂಡಿಸಿ ಇಟ್ಟೆ, ಮತ್ತೆ ಸರಿದವು.

"ಬಟ್ಟಿ ಆಯಿ, ಸ್ವಲ್ಪ ಸರದೈತಿ ಅಷ್ಟ" ಎಂದೆ.

"ನಿನ್ನ ಬಾಯಿ ಹೇಳೂದ ಬ್ಯಾರೆ, ಬೆರಳ ಹೇಳೂದ ಬ್ಯಾರೆ" ಎಂದಳು. "ದೀಪಾವಳಿಯಿಂದ ಐತಿ. ಮನ್ಯಾಗ ಹೇಳಿಲ್ಲ."

ಬೆಳಗಾವಿಯಲ್ಲಿ ಸ್ಕ್ಯಾನ್ ಆಯಿತು. ಉಬ್ಬು ದೊಡ್ಡದಿತ್ತು, ಮೂತ್ರಪಿಂಡದ ನಾಳಗಳಿಗೆ ಅಂಟಿಕೊಂಡೇ ಶುರುವಾಗಿತ್ತು. ಸಿದ್ಧವಿರುವ ಗ್ರಾಫ್ಟು ಅಲ್ಲಿ ಹಿಡಿದು ನಿಲ್ಲುವುದಿಲ್ಲ. ಹೊಟ್ಟೆ ಕೊಯ್ಯಲು ಆಕೆಯ ಹೃದಯ ಒಪ್ಪುವುದಿಲ್ಲ. ಆಕೆಯ ಅಳತೆಗೇ, ಆ ನಾಳಗಳಿಗೆ ರಕ್ತ ಹೋಗುವಂತೆ ಸರಿಯಾದ ಜಾಗದಲ್ಲಿ ತೂತುಗಳನ್ನಿಟ್ಟು ಹೊಸದನ್ನು ಮಾಡಿಸಬೇಕು, ಎರಡು ತಿಂಗಳು ಬೇಕು ಎಂದರು ವೈದ್ಯರು. ಬಾಗಿಲ ತನಕ ಬಂದು ನನಗೊಬ್ಬಳಿಗೇ ಮತ್ತೊಂದು ಮಾತು ಹೇಳಿದರು: "ಮುಟ್ಟಿದರೆ ನೋವು ಅಂದರೆ ಒಡೆಯಲು ಬಂದಿದೆ ಎಂದರ್ಥ, ಆ ದಿನ ಒಂದು ಗಂಟೆಯೂ ಕಾಯಬೇಡಿ. ತಕ್ಷಣ ಕರೆತನ್ನಿ, ಇದ್ದುದರಲ್ಲೇ ಏನಾದರೂ ಮಾಡುತ್ತೇವೆ."

ಆ ಎರಡು ತಿಂಗಳು ಆಯಿ ಸುಮ್ಮನೆ ಮಲಗಿರುತ್ತಾಳೆಂದು ನಾವು ನಂಬಿದ್ದೆವು. ಆಕೆ ಮಾಡಿದ್ದೇ ಬೇರೆ. ಸುರೇಬಾನ, ಕಿತ್ತೂರು, ಸವದತ್ತಿ ಕಡೆಯ ಬಟ್ಟಿ ತಿಕ್ಕುವವರಿಗೆಲ್ಲ ಮಗನ ಮೊಬೈಲಿನಿಂದ ಹೇಳಿ ಕಳಿಸಿದಳು. ಅವರು ಒಬ್ಬೊಬ್ಬರಾಗಿ ಬಂದರು. ಆಯಿ ಚಾಪೆಯ ಮೇಲೆ ಮಲಗಿ ಸೀರೆ ಸರಿಸಿ ತನ್ನ ಹೊಟ್ಟೆಯನ್ನು ಅವರ ಕೈಗೆ ಕೊಟ್ಟಳು. "ಮುಟ್ರಿ, ಒತ್ತಬ್ಯಾಡ್ರಿ. ಬೆರಳ ಅಗಲ ಆದ್ವಿಲ್ಲೋ? ಇಂಥದ ಬಂದ್ರ ತಿಕ್ಕಬ್ಯಾಡ್ರಿ, ಬೆಳಗಾವಿಗೆ ಕಳಸ್ರಿ."

ನನಗೆ ತಿಳಿದಾಗ ಕೂಗಾಡಿದೆ. "ಒಡದ್ರ ಏನ ಮಾಡ್ತೀ? ಸಾಯಬೇಕಂತ ಮಾಡೀಯೇನು?"

"ಬದುಕಬೇಕಂತನ ಮಾಡೇನಿ. ಇನ್ನ ಎರಡ ಮಳಿಗಾಲ ನೋಡೂ ಆಸೆ ಐತಿ ನನಗ" ಎಂದಳು. ಅಷ್ಟು ಮೆತ್ತಗೆ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಆದ್ರ ನಿಮ್ಮ ಕೊಳವಿ ಬರೂದರಾಗ ಅಲ್ಲಿ ಯಾರೋ ಯಾರನ್ನೋ ತಿಕ್ಕಿ ಕೊಲ್ಲತಾರ. ಪುಸ್ತಕದಾಗ ಬರದ್ರ ಅವರಿಗೆ ಓದಾಕ ಬರಂಗಿಲ್ಲ. ಇಂಥ ಹೊಟ್ಟಿ ಎಲ್ಲಿಂದ ತರಲಿ ನಾ?"

ಮೆಲ್ಲಗೆ ಮುಟ್ಟಿದರೆ ಒಡೆಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರಿಂದ ನಾನು ತಡೆಯಲು ಹೋಗಲಿಲ್ಲ. ಹನ್ನೊಂದು ಜನ ಬಂದು ಹೋದರು. ಅದೇ ತಿಂಗಳು ಸುರೇಬಾನದ ಹೆಂಗಸೊಬ್ಬಳು ತನ್ನ ಹತ್ತಿರ ಬಂದ ಒಬ್ಬ ಮುದುಕನನ್ನು ತಿಕ್ಕದೆ ಬೆಳಗಾವಿಗೆ ಕಳಿಸಿದಳು. ಅವನಿಗೆ ಗ್ರಾಫ್ಟು ಹಾಕಿದರು, ಈಗ ಹೊಲಕ್ಕೆ ಹೋಗಿ ಬರುತ್ತಾನೆ. ಸುದ್ದಿ ಕೇಳಿ ಆಯಿ ಓಣಿಗೆಲ್ಲ ಸಕ್ಕರೆ ಹಂಚಿಸಿದಳು.

ಆಯಿಯ ಗ್ರಾಫ್ಟು ಸೋಮವಾರ ಬರುತ್ತದೆ ಎಂದು ತಿಳಿಯಿತು. ಶನಿವಾರ ಬೆಳಿಗ್ಗೆ ಊರಿಗೆ ಹೋದೆ. ಸೊಸೆ, ಅಂದರೆ ನಾನು ವೈನಿ ಎಂದು ಕರೆಯುವವಳು, ಸೋಮವಾರಕ್ಕೆ ಬೇಕಾದ ಸೀರೆ, ತಾಟು, ಲೋಟ ಚೀಲಕ್ಕೆ ತುಂಬುತ್ತಿದ್ದಳು. ನಾನು ಆಯಿಯ ಪಕ್ಕದಲ್ಲಿ ಕುಳಿತು ಎಂದಿನಂತೆ ಬೆರಳಿಟ್ಟೆ. ಆಕೆಯ ತುಟಿ ಬಿಗಿಯಿತು. ಕಾಲಿನ ಹೆಬ್ಬೆರಳು ಮಡಚಿಕೊಂಡಿತು.

"ನೋವ ಆತೇನು?"

"ಇಲ್ಲ."

ಇನ್ನೊಮ್ಮೆ ಇಟ್ಟೆ. ಈ ಸಲ ಕಣ್ಣಲ್ಲಿ ನೀರು ಬಂತು. ಆಯಿ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಸೋಮವಾರ ಐತೆಲ್ಲ, ಸುಮ್ನಿರು. ಮನಿ ಮಂದಿನ್ನ ಅಂಜಸಬ್ಯಾಡ" ಎಂದಳು.

ವೈದ್ಯರ ಮಾತು ನನಗೆ ಅಕ್ಷರ ಅಕ್ಷರ ನೆನಪಿತ್ತು. ಆದರೆ ತಕ್ಷಣ ಒಯ್ದರೆ ಇದ್ದುದರಲ್ಲೇ ಏನೋ ಹೊಂದಿಸಿ ಹಾಕುತ್ತಾರೆ, ಎರಡು ದಿನ ತಡೆದರೆ ಆಕೆಯ ಅಳತೆಯದ್ದೇ ಬರುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಕೊಳವೆಗಳ ಜೊತೆ ಎಂಟು ವರ್ಷ ಕಳೆದವಳ ತಲೆ ಅದು. ಎದ್ದು ಹೋಗಿ ವೈನಿಯ ಜೊತೆ ಚಹಾ ಕುಡಿದೆ.

ಆಯಿ ರವಿವಾರ ಮುಂಜಾನೆ ತುಳಸಿಗೆ ನೀರು ಹಾಕುವಾಗ ಕುಸಿದಳು. ಕಾರು ಬರುವಷ್ಟರಲ್ಲಿ ಹೊಟ್ಟೆ ಬಿಗಿದಿತ್ತು.

ಸೋಮವಾರ ಗ್ರಾಫ್ಟು ಬಂತು. ಆಕೆಯ ಮೈಯ ಅಳತೆಯದು, ಬೇರೆ ಯಾರಿಗೂ ಆಗುವುದಿಲ್ಲ. ಪರೀಕ್ಷೆಗಾದರೂ ಆಗಲಿ ಎಂದು ನಮ್ಮ ಪ್ರಯೋಗಾಲಯಕ್ಕೆ ಕೊಟ್ಟರು. ಪೆಟ್ಟಿಗೆ ನನ್ನ ಮೇಜಿನ ಕೆಳಗಿದೆ, ನಾನಿನ್ನೂ ತೆರೆದಿಲ್ಲ.

ರವಿವಾರ ಸಂಜೆ ಆಯಿಯನ್ನು ಮಣ್ಣು ಮಾಡಿ ಬಂದ ಮೇಲೆ ವೈನಿ ನನ್ನ ಕೈ ಹಿಡಿದು ಕೇಳಿದ್ದಳು, "ನಿನ್ನಿ ನೀ ಕೈ ಇಟ್ಟ ನೋಡಿದ್ದೆಲ್ಲ, ಏನರ ಫರಕ ಇತ್ತೇನು?"

"ಏನೂ ಇರಲಿಲ್ಲ ವೈನಿ" ಎಂದೆ. ಆಕೆ ನನ್ನ ತಲೆ ಸವರಿ, ನೀನು ಎಷ್ಟೆಲ್ಲ ಮಾಡಿದೆ ಎಂದು ಅತ್ತಳು. ಆಮೇಲೆ ಪ್ರತಿ ಹಬ್ಬಕ್ಕೂ ಹೋಳಿಗೆ ಕಟ್ಟಿ ಕಳಿಸುತ್ತಾಳೆ. ನಾನು ಡಬ್ಬಿ ತೊಳೆದು ವಾಪಸು ಕಳಿಸುತ್ತೇನೆ.

ವೈನಿ, ಫರಕ ಇತ್ತು. ಮುಟ್ಟಿದಾಗ ಆಯಿಗೆ ನೋವಾಗಿತ್ತು. ನನಗೆ ಗೊತ್ತಾಗಿತ್ತು.