ನಡತೆ: ಉತ್ತಮ

ಅವಳು ಆ ಮಾತನ್ನು ನಿಜವಾಗಿಯೂ ಆಡಿದಳೋ, ವರ್ಷಗಳು ಕಳೆದಂತೆ ನಾನೇ ಅವಳ ಬಾಯಿಂದ ಆಡಿಸಿದೆನೋ, ಈಗ ಖಾತ್ರಿಯಿಲ್ಲ. ಹೋದ ವಾರ ಬಸ್ಸಿನಲ್ಲಿ ಪಕ್ಕದವರು ಲವಂಗ ಜಗಿಯುತ್ತಿದ್ದರು. ಆ ವಾಸನೆಗೆ ನಮ್ಮ ಹೆಡ್‌ಮಾಸ್ತರರು ನೆನಪಾದರು...

ಹಲ್ಲುನೋವಿಗೆಂದು ಅವರ ಬಾಯಲ್ಲಿ ಸದಾ ಲವಂಗವಿರುತ್ತಿತ್ತು. ನಿವೃತ್ತರಾದ ಮೇಲೆ ಒಮ್ಮೆ ಹುಮನಾಬಾದಿನಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕೂತರು. ಬಸವಕಲ್ಯಾಣದ ಕೋರ್ಟಿಗೆ ಹೊರಟಿದ್ದರು. ಬಟ್ಟೆ ಅಂಗಡಿಯವನೊಬ್ಬ ತನ್ನಲ್ಲಿ ಹೊಲಿಗೆ ಕೆಲಸಕ್ಕಿದ್ದ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿದನೆಂಬ ಮೊಕದ್ದಮೆ. ಇಬ್ಬರೂ ಮಾಸ್ತರರ ಶಿಷ್ಯರೇ. ಅವನು ಒಳ್ಳೆಯ ನಡತೆಯವನೆಂದು ಹೇಳಲು ಅವನ ವಕೀಲರು ಇವರನ್ನು ಕರೆಸಿದ್ದರು.

"ಅವನ ಪರ ಹೇಳಾಕ ಹೊಂಟೀರೇನ್ರಿ ಸರ್?" ಎಂದೆ.

"ಪರ ಗಿರ ಏನಿಲ್ಲಪಾ. ಟೀಸಿ ಒಳಗ ಏನ್ ಬರದೀನಿ ಅಷ್ಟ ಹೇಳ್ತೀನಿ. ನೀ ಎಂ.ಎ. ಓದಿದಾಂವ, ಎಲ್ಲಾದಕ್ಕೂ ಸಂಶೆ ಪಡ್ತಿ."

ನಾನೂ ಅವರ ಹಿಂದೆ ಹೋದೆ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಹೊರಗಿನ ಬೆಂಚಿನಲ್ಲಿ ಅವಳು ತಾಯಿಯ ಜೊತೆ ಕೂತಿದ್ದಳು. ಮಾಸ್ತರರು ಹೊರಬಂದಾಗ ಎದ್ದು ನಿಂತಳು, ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ.

"ಸರ್, ನಂಗೂ ಉತ್ತಮ ಅಂತ ಬರದಿದ್ರಿ," ಎಂದಳು. ಎಂದಳೆಂದು ನನ್ನ ನೆನಪು... ಮಾಸ್ತರರು ಮೆಟ್ಟಿಲಿಳಿದು ಹೋದದ್ದು ಮಾತ್ರ ನಿಜ.

ಒಳಗಿನದನ್ನು ಆಮೇಲೆ ತೀರ್ಪಿನಲ್ಲಿ ಓದಿದೆ. ಅವಳ ಹಳೆಯ ಸ್ನೇಹದ ಬಗ್ಗೆ ವಕೀಲರು ಕೇಳಹೊರಟಾಗ ನ್ಯಾಯಾಧೀಶರು ತಡೆದಿದ್ದರು. ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಆರೋಪಿಗೆ ತನ್ನ ಒಳ್ಳೆಯ ನಡತೆಯನ್ನು ತೋರಿಸಲು ಅವಕಾಶ ಕೊಡುತ್ತದೆ. ಅವನ ಟೀಸಿಯಲ್ಲಿ 'ನಡತೆ: ಉತ್ತಮ' ಎಂದಿತ್ತು. ಬರಹ ತಮ್ಮದೇ, ಅವನು ಶಾಲೆ ಬಿಟ್ಟ ದಿನವೇ ಬರೆದದ್ದು ಎಂದು ಮಾಸ್ತರರು ಹೇಳಿದ್ದರು. ಸಂಶಯದ ಲಾಭ ಸಿಕ್ಕು ಅವನು ಬಿಡುಗಡೆಯಾದ. ಆ ಒಂದು ಕಾಗದದಿಂದಲೇ ಆಯಿತೆಂದು ಹೇಳಲಾರೆ. ಅವಳು ಊರು ಬಿಟ್ಟಳು.

ಮಾಸ್ತರರು ತೀರಿಕೊಂಡಿದ್ದಾರೆ. ಅಕ್ಷರ ಕಲಿಸಿದವರು, ನನ್ನ ಶುಲ್ಕಕ್ಕಾಗಿ ಓಡಾಡಿದವರು. ಕೇಳಬೇಕಾದದ್ದನ್ನು ಅವರಿದ್ದಾಗ ಕೇಳಲಿಲ್ಲ. ಮೊನ್ನೆ ಶಾಲೆಗೆ ಹೋಗಿ ಹಳೆಯ ಟೀಸಿ ಪುಸ್ತಕ ತೆಗೆಸಿದೆ. ಪ್ರತಿಯೊಂದು ಟೀಸಿ ಬರೆಯುವಾಗಲೇ ಅಡಿಯ ಹಾಳೆಯಲ್ಲಿ ಮೂಡಿದ ಕಾರ್ಬನ್ ನಕಲು ಅಲ್ಲಿ ಉಳಿದಿರುತ್ತದೆ. ಅವಳ ಹಾಳೆಯಲ್ಲಿ ನಡತೆಯ ಮುಂದೆ 'ಉತ್ತಮ' ಎಂದಿದೆ. ಅವನ ಹಾಳೆಯಲ್ಲಿ ಹೆಸರು, ಜಾತಿ, ಹುಟ್ಟಿದ ತಾರೀಖು, ಮಾಸ್ತರರ ಸಹಿ ಎಲ್ಲವೂ ಮೂಡಿವೆ. ನಡತೆಯ ಮುಂದೆ ಏನೂ ಇಲ್ಲ.